ಎಂಜಿನ್ ಆರಲಿ, ಆಮೇಲೆ ಮಾತು

ಕೋಳಿ ಕೂಗಿದೆ, ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಅತ್ಲಿಸ್ಕೊ ಪಟ್ಟಣದ ಭಾನುವಾರದ ಹಳೇ ಬೈಕ್ ಸಂತೆಯಲ್ಲಿ ಒಬ್ದುಲಿಯಾ ತೆಪಾಲೆ ಕೆಂಪು ಬೈಕೊಂದರ ಎಂಜಿನ್ನಿಗೆ ಕೈ ತಾಗಿಸಿ ನಿಂತಿದ್ದಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

“ಬೆಚ್ಚಗಿದೆ, ಕೊಂಪಾದ್ರೆ.”

“ಓಡಿಸ್ಕೊಂಡು ಬಂದೆ, ಕೊಮಾದ್ರೆ. ಹೊತ್ಕೊಂಡು ಬರಕ್ಕಾಗುತ್ತಾ?” ಅನ್ನುತ್ತಾರೆ ಮಾರಲು ತಂದ ಎಲಿಹಿಯೊ. ಒಬ್ದುಲಿಯಾರ ಮಗಳ ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡವರು ಇವರೇ, ಅದಕ್ಕೇ ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ. ಇಲ್ಲಿ ಒಡಹುಟ್ಟಿದವರ ಜೊತೆ ಬೇಕಾದರೆ ಜಗಳವಾಡಬಹುದು, ಮಗಳ ಜ್ಞಾನತಂದೆಯ ಜೊತೆ ಮಾತ್ರ ಆಗದು.

“ಹಾಗಾದ್ರೆ ಆರಲಿ. ಅಲ್ಲೀವರೆಗೆ ಬಿಸಿ ಅತೋಲೆ ಗಂಜಿ ಕುಡೀತಾ ಕೂತಿರಿ.”

ಕೊಳ್ಳುವವರ ಪರವಾಗಿ ಹಳೇ ಬೈಕಿನ ಕಂಪ್ರೆಷನ್, ಅಂದರೆ ಎಂಜಿನ್ನೊಳಗಿನ ಗಾಳಿಯ ಒತ್ತಡ, ನೋಡಿ ಹೇಳುವುದು ಐವತ್ತೇಳರ ಒಬ್ದುಲಿಯಾರ ಕಸುಬು. ಎಂಥ ಸವೆದ ಎಂಜಿನ್ನೂ ಬಿಸಿಯಿದ್ದಾಗ ಒಂದೇ ಕಿಕ್ಕಿಗೆ ಎದ್ದುಬಿಡುತ್ತದೆ. ಬಣ್ಣ ಬಯಲಾಗುವುದು ತಣ್ಣಗಾದಾಗ. ಇಪ್ಪತ್ತಾರು ವರ್ಷದ ಹಿಂದೆ ಇದೇ ಸಂತೆಯಲ್ಲಿ ಅವರಿಗೂ ಯಾರೋ ಅಂಥದ್ದೊಂದನ್ನು ಗಂಟುಹಾಕಿದ್ದರು. ಎರಡು ಮೂಟೆ ಮುಸುಕಿನ ಜೋಳ ಹೇರಿಕೊಂಡು ಏರು ಹತ್ತುವಾಗ ಮೂರನೇ ದಿನವೇ ಅದು ಕೈಕೊಟ್ಟಿತು. “ಸಿಟ್ಟಿಗೆ ಬಿಚ್ಚಿಹಾಕ್ದೆ. ಜೋಡಿಸಕ್ಕೆ ನಾಲ್ಕು ತಿಂಗಳು ಹಿಡೀತು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಂಗೆ.” ಹೆಂಗಸಿನ ಕೈಗೆ ಬೈಕ್ ಕೊಡಲು ಮೊದಲ ಆರು ವರ್ಷ ಯಾರೂ ಒಪ್ಪಲಿಲ್ಲ. ಈಗ ಭಾನುವಾರಕ್ಕೆ ಹದಿನೈದು ಬೈಕ್ ನೋಡುತ್ತಾರೆ, ಐದಕ್ಕೆ ಹೂಂ ಅನ್ನುತ್ತಾರೆ. ಕಿಕ್ ಹೊಡೆದೂ ಹೊಡೆದೂ ಬಲಮಂಡಿ ಸವೆದಿದೆ. “ಇದಕ್ಕೆ ಸ್ಪೇರ್ ಎಲ್ಲೂ ಸಿಗಲ್ಲ” ಎಂದು ಮಂಡಿ ತಟ್ಟಿ ನಗುತ್ತಾರೆ.

ಇವತ್ತು ಕೊಳ್ಳಲು ಬಂದವಳು ಸೂಲಗಿತ್ತಿ ಸೆನೈದಾ. ಬೆಟ್ಟದ ಮೇಲಿನ ಏಳು ಹಳ್ಳಿಗೆ ಇವಳೊಬ್ಬಳೇ. “ಹೋದ ತಿಂಗಳು ನಾನು ನಡೆದು ಮುಟ್ಟೋ ಹೊತ್ತಿಗೆ ಮಗು ನನಗಿಂತ ಮುಂಚೆ ಬಂದುಬಿಟ್ಟಿತ್ತು, ದೋನ್ಯಾ ಒಬ್ದುಲಿಯಾ. ಗಟ್ಟಿ ಕೂಸು, ಉಳ್ಕೊಳ್ತು. ಎಲ್ಲಾ ಸಲ ಹಂಗಾಗಲ್ಲ. ಕರೆದ ಕೂಡಲೇ ಏಳೋ ಬೈಕ್ ಬೇಕು ನಂಗೆ.”

ಗಂಟೆ ಕಳೆದು ಎಂಜಿನ್ ಆರಿದೆ. ಒಬ್ದುಲಿಯಾ ಪ್ಲಗ್ ಬಿಚ್ಚಿ, ಆ ತೂತಿಗೆ ಮೀಟರ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಎಂಟು ಕಿಕ್ ಹೊಡೆಯುತ್ತಾರೆ. ನೂರೈವತ್ತಕ್ಕೆ ಏರಬೇಕಾದ ಮುಳ್ಳು ಎಂಬತ್ತೈದಕ್ಕೇ ನಿಂತುಬಿಡುತ್ತದೆ. ಸೆನೈದಾಳ ಮುಖ ಸಪ್ಪಗಾಗುತ್ತದೆ. ಸುತ್ತ ಜನ ಸೇರುತ್ತಾರೆ.

“ಎಲ್ಲರೆದುರು ಮರ್ಯಾದೆ ತೆಗೀಬೇಡಿ, ಕೊಮಾದ್ರೆ” ಎಂದು ಎಲಿಹಿಯೊ ಪಿಸುಗುಟ್ಟುತ್ತಾರೆ.

“ನೀವು ಬೇರೆ, ನಿಮ್ಮ ಎಂಜಿನ್ ಬೇರೆ. ತಡೀರಿ.”

ಅವರ ಚೀಲದಲ್ಲಿ ಎರಡು ಚಮಚ, ಒಂದಕ್ಕೆ ಕೆಂಪು ದಾರ. ದಾರದ್ದು ಎಂಜಿನ್ನಿಗೆ, ಇನ್ನೊಂದು ಊಟಕ್ಕೆ. ಕೆಂಪು ದಾರದ ಚಮಚದಲ್ಲಿ ಎಣ್ಣೆ ತೆಗೆದು ಪ್ಲಗ್ಗಿನ ತೂತಿಗೆ ಬಿಡುತ್ತಾರೆ. ಪಿಸ್ಟನ್ ರಿಂಗ್ ಸವೆದಿದ್ದರೆ ಸಂದಿಗೆ ಎಣ್ಣೆ ತುಂಬಿ ಮುಳ್ಳು ಮೇಲೇರಬೇಕು. ಏರುವುದಿಲ್ಲ. ಈಗ ಸೆನೈದಾಳಿಂದ ಕಿಕ್ ಹೊಡೆಸಿ, ತಾವು ಸೈಲೆನ್ಸರಿನ ಬಾಯಿಗೆ ಕಿವಿಯಿಡುತ್ತಾರೆ. ಒಳಗಿನಿಂದ ಬುಸ್ಸೆಂದು ಗಾಳಿ ಸೋರುತ್ತಿದೆ. ರಿಂಗ್ ಅಲ್ಲ, ವಾಲ್ವು.

“ವಾಲ್ವಿನ ಟ್ಯಾಪೆಟ್ ಯಾರು ಮುಟ್ಟಿದ್ದು, ಕೊಂಪಾದ್ರೆ?”

ಎಲಿಹಿಯೊ ಟೋಪಿ ಸರಿಮಾಡಿಕೊಳ್ಳುತ್ತಾರೆ. “ನಾನೇ, ನಿನ್ನೆ. ಟಿಕ್ ಟಿಕ್ ಅಂತಿತ್ತು. ಸದ್ದಿಲ್ದಿದ್ರೆ ಗಿರಾಕಿ ಬೇಗ ಸಿಗ್ತಾರೆ ಅಂತ ಬಿಗಿ ಮಾಡ್ದೆ.”

ಸಂತೆಗೆ ಸಂತೆಯೇ ನಗುತ್ತದೆ. “ಅದರ ಬಾಯಿ ಮುಚ್ಚಿಸಕ್ಕೆ ಹೋಗಿ ವಾಲ್ವ್ ತೆರೆದಿಟ್ರಿ. ಸ್ವಲ್ಪ ಟಿಕ್ ಟಿಕ್ ಅಂದ್ರೇನೇ ಅದು ಆರೋಗ್ಯವಾಗಿದೆ ಅಂತ” ಎನ್ನುತ್ತ ಒಬ್ದುಲಿಯಾ ತೆಳು ತಗಡಿನ ಅಳತೆಪಟ್ಟಿ ತೂರಿಸಿ ಟ್ಯಾಪೆಟ್ಟಿನ ಸಂದಿ ಸರಿಪಡಿಸುತ್ತಾರೆ. ಮತ್ತೆ ಎಂಟು ಕಿಕ್. ಮುಳ್ಳು ನೂರನಲವತ್ತೆಂಟಕ್ಕೆ ಹೋಗಿ ನಿಲ್ಲುತ್ತದೆ.

ಪ್ಲಗ್ ಹಾಕಿದ ಮೇಲೆ ಸೆನೈದಾ ಒಂದೇ ಒಂದು ಕಿಕ್ ಹೊಡೆಯುತ್ತಾಳೆ. ಬೈಕ್ ಏಳುತ್ತದೆ, ಟಿಕ್ ಟಿಕ್ ಸಮೇತ. ಅವಳು ಒಬ್ದುಲಿಯಾರ ಎಣ್ಣೆಗೈಯನ್ನೇ ಹಿಡಿದು ಮುತ್ತಿಟ್ಟು, ಬೆಟ್ಟದ ದಾರಿ ಹಿಡಿಯುತ್ತಾಳೆ.

ನಿಮಗೇನು ಆಸೆ ಅಂತ ಕೇಳಿದರೆ ಒಬ್ದುಲಿಯಾ ಹೆಚ್ಚೇನೂ ಯೋಚಿಸುವುದಿಲ್ಲ. “ಒಬ್ರಾದ್ರೂ ತಾವಾಗೇ ತಣ್ಣಗಿರೋ ಬೈಕ್ ತರಲಿ. ಇಪ್ಪತ್ತಾರು ವರ್ಷದಲ್ಲಿ ಒಬ್ರೂ ತಂದಿಲ್ಲ.”

ಮುಂದಿನ ಭಾನುವಾರ. ಮತ್ತೆ ಅದೇ ನಸುಕು. ಎಲಿಹಿಯೊ ನೀಲಿ ಬೈಕೊಂದನ್ನು ಏದುಸಿರು ಬಿಡುತ್ತ ತಳ್ಳಿಕೊಂಡು ಬರುತ್ತಾರೆ, ಮನೆಯಿಂದ ಸಂತೆವರೆಗೂ.

“ಮುಟ್ಟಿ ನೋಡಿ, ಕೊಮಾದ್ರೆ.”

ಒಬ್ದುಲಿಯಾ ಎಂಜಿನ್ ಮುಟ್ಟುತ್ತಾರೆ. ಆಮೇಲೆ ಬೆವರಿಳಿಯುವ ಎಲಿಹಿಯೊರ ಹಣೆ ಮುಟ್ಟುತ್ತಾರೆ.

“ಇದು ತಣ್ಣಗಿದೆ. ನೀವು ಕೂತ್ಕೊಳ್ಳಿ, ಆರಲಿ.”