ಕುಂಟದ ಕೊಕ್ಕರೆ

ಪುಯೆಬ್ಲಾ ನಗರದ ಕ್ಷೌರಿಕ ಎಲೆಯುತೇರಿಯೊ ‘ಕಪ್ಪು ಕೊಕ್ಕರೆ’ಯ ನಲವತ್ತು ವರ್ಷದ ಅಭಿಮಾನಿ. ಆ ಮುಖವಾಡದ ಕುಸ್ತಿಪಟುವಿನ ಹಳೆಯ ಧಾರಾವಾಹಿಯಿಂದ ಈಗೊಂದು ಮಕ್ಕಳ ಕಾರ್ಟೂನ್ ಹುಟ್ಟಿಕೊಂಡಿದೆ; ಶನಿವಾರ ಬೆಳಿಗ್ಗೆ ಅದನ್ನು ಬೈದು ಮುಗಿಸದೆ ಅವನು ಅಂಗಡಿಯ ಬಾಗಿಲು ತೆರೆಯುವವನಲ್ಲ. “ಮುಖವಾಡ ಎಲ್ಲಾದ್ರೂ ರೆಪ್ಪೆ ಬಡಿಯುತ್ತೇನ್ರೋ? ನಮ್ಮ ಕೊಕ್ಕರೆ ಎಡಗಾಲು ಕುಂಟ್ತಿದ್ದ, ಇವನು ಜಿಂಕೆ ಥರ ಓಡ್ತಾನೆ!” ಎಂದು ತಮಾಲೆ ಎಂಬ ಜೋಳದ ಕಡುಬಿನ ಎಲೆ ಬಿಚ್ಚುತ್ತ ಗೊಣಗುತ್ತಾನೆ, ಒಂದು ಕಂತನ್ನೂ ತಪ್ಪಿಸುವುದಿಲ್ಲ. ಹುಡುಗನಾಗಿದ್ದಾಗ ಬೇಕೆಂದೇ ಕೊಕ್ಕರೆಯಂತೆ ಕುಂಟುತ್ತಿದ್ದವನಿಗೆ ಈಗ ಮಂಡಿ ನಿಜವಾಗಿಯೂ ಕೈಕೊಟ್ಟಿದೆ. “ಅವನೇ ಕುಂಟೋದು ಬಿಟ್ಟ, ನಾನೊಬ್ಬ ಪೆದ್ದ ಇನ್ನೂ ಬಿಟ್ಟಿಲ್ಲ,” ಎಂದು ಗಿರಾಕಿಗಳ ಮುಂದೆ ತನ್ನನ್ನೇ ಆಡಿಕೊಳ್ಳುತ್ತಾನೆ. ಮೊನ್ನೆ ಮೊಮ್ಮಗಳು ಇತ್ಸೆಲ್ ಅಂಗಳದಲ್ಲಿ ಎಡಗಾಲೆಳೆದು ನಡೆಯುತ್ತಿದ್ದಳು. “ಶಭಾಷ್, ಇದಪ್ಪಾ ಅಸಲಿ ಕೊಕ್ಕರೆ!” ಎಂದು ಚಪ್ಪಾಳೆ ತಟ್ಟಿದ. ಅವಳು ಸೊಂಟಕ್ಕೆ ಕೈಯಿಟ್ಟು ಗದರಿದಳು: “ಕೊಕ್ಕರೆ ಎಲ್ಲಿ ಕುಂಟ್ತಾನೆ? ನಾನೀಗ ನೀನು ಆಗಿದೀನಿ, ತಾತಾ!”