ಸಂಜೀವಣ್ಣನ ಸ್ವೆಟರ್ ಹೆಣೆದದ್ದು ಯಾರು?

ಬೆಳ್ತಂಗಡಿಯ ಬ್ಲಾಕ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಸಂಜೀವಣ್ಣ ಬೆಳಿಗ್ಗೆ ಬಾಗಿಲು ದಾಟಿ ಒಳಗೆ ಬಂದರೆ ನಾವು ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಸ್ವೆಟರನ್ನು. ದೀಪಾವಳಿ ಕಳೆದು ಚಾರ್ಮಾಡಿ ಘಾಟಿಯ ಕಡೆಯಿಂದ ಚಳಿ ಇಳಿಯತೊಡಗಿದರೆ ಊರಿನ ಗಂಡಸರು ತಲೆಗೊಂದು ಬೈರಾಸ ಸುತ್ತಿಕೊಂಡು ಸುಮ್ಮನಾಗುತ್ತಿದ್ದರು. ಸಂಜೀವಣ್ಣ ಮಾತ್ರ ಅಂದಿನಿಂದ ಶಿವರಾತ್ರಿಯವರೆಗೆ ಸ್ವೆಟರಿಲ್ಲದೆ ಕಚೇರಿಗೆ ಬಂದವರಲ್ಲ. ಬಿಳಿ ಶರ್ಟು, ಖಾಕಿ ಪ್ಯಾಂಟಿನ ದಿನ ಬೂದು ಬಣ್ಣದ ಕೈಯಿಲ್ಲದ ಸ್ವೆಟರು. ಪಂಚೆ ಉಟ್ಟ ದಿನ ಅಡಿಕೆ ಸಿಪ್ಪೆಯ ಬಣ್ಣದ್ದು. ಮೇಲಧಿಕಾರಿಗಳು ತಪಾಸಣೆಗೆ ಬರುವ ದಿನ ಎದುರಿಗೆ ಕಪ್ಪು ಗುಂಡಿಗಳಿದ್ದ ಕಡುಹಸಿರು ಕಾರ್ಡಿಗನ್. ಹತ್ತೂವರೆಗೆಲ್ಲ ಬಿಸಿಲು ಏರಿ ಎಲ್ಲರೂ ಬೆವರುವಾಗ ಅದನ್ನು ಕಳಚಿ, ತೋಳುಗಳನ್ನು ಒಳಗೆ ಮಡಚಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದರು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಬಟ್ಟೆಯ ವಿಷಯದಲ್ಲಿ ಅವರಿಗೆ ತಮ್ಮದೇ ಶಾಸ್ತ್ರವಿತ್ತು. "ಶರ್ಟಿನ ಕೈ ಸ್ವೆಟರಿನ ಕೈಯಿಂದ ಅರ್ಧ ಬೆರಳು ಹೊರಗೆ ಕಾಣ್ಬೇಕು. ಹೆಚ್ಚು ಕಂಡ್ರೆ ಸಾಲ ತಂದ ಸ್ವೆಟರ್, ಕಾಣದಿದ್ರೆ ಹರಿದ ಶರ್ಟು" ಎನ್ನುತ್ತಿದ್ದರು. "ಆಫೀಸಿನಲ್ಲಿ ಮನುಷ್ಯ ಮಾತಾಡ್ಬೇಕು, ಅವನ ಬಟ್ಟೆಯ ಬಣ್ಣ ಅಲ್ಲ" ಎಂಬುದು ಇನ್ನೊಂದು. ಯಾರಾದರೂ ಮಂಗಳೂರಿನಿಂದ ಹೊಸ ಸ್ವೆಟರ್ ಕೊಂಡು ತಂದರೆ ಅಂಚನ್ನು ಎರಡು ಬೆರಳಲ್ಲಿ ಹಿಡಿದೆಳೆದು, "ಯಂತ್ರದ್ದು. ನಂಬಬೇಡಿ, ಎರಡು ಸಲ ಒಗೆದ್ರೆ ಗೋಣಿ" ಎಂದು ತೀರ್ಪು ಕೊಡುತ್ತಿದ್ದರು.

ಹಾಗಾದರೆ ಅವರದ್ದು ಕೈಯಲ್ಲಿ ಹೆಣೆದದ್ದು. ಹೆಣೆದವರು ಯಾರು? ಪ್ರಶ್ನೆ ಹುಟ್ಟಿದ್ದೇ ಇಲ್ಲಿ. ಸಂಜೀವಣ್ಣನಿಗೆ ಮದುವೆಯಾಗಿರಲಿಲ್ಲ. ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿದ್ದು ಬಂದವರು, ವಯಸ್ಸು ನಲವತ್ತರ ಹತ್ತಿರ. ಸ್ವಂತ ಮನೆ ಮಾಣಿ ಎಂಬ ಊರಿನಲ್ಲಿದ್ದರೂ ಪೇಟೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಭಾನುವಾರ ಹಗಲು ಹೊತ್ತಿನಲ್ಲೂ ಆ ಕೋಣೆಯ ಕಿಟಕಿ ಮುಚ್ಚಿರುತ್ತಿತ್ತು. ಎರಡು ವಾರಕ್ಕೊಮ್ಮೆ ಶನಿವಾರ ಮೂಡುಬಿದಿರೆಯ ಬಸ್ಸು ಹತ್ತುತ್ತಿದ್ದರು. ಪ್ರತಿ ಚಳಿಗಾಲಕ್ಕೆ ಹೊಸ ಸ್ವೆಟರು ಬರುತ್ತಿತ್ತು.

"ಮೂಡುಬಿದಿರೆಯಲ್ಲಿ ಯಾರೋ ಇದ್ದಾಳೆ ಮಾರಾಯ್ರೆ" ಎಂದು ನಮ್ಮ ಲೆಕ್ಕಿಗರಾದ ನಾರಾಯಣ ಭಟ್ಟರು ದನಿ ತಗ್ಗಿಸಿ ಹೇಳುತ್ತಿದ್ದರು. "ಗಂಡ ಇಲ್ಲದವಳೋ, ಇದ್ದವಳೋ, ಅದು ಮಾತ್ರ ಗೊತ್ತಿಲ್ಲ."

ನಾನು ಅಲ್ಲಿ ಟೈಪಿಸ್ಟಾಗಿ ಸೇರಿದ್ದು ಐವತ್ತರ ದಶಕದ ಕೊನೆಗೆ. ಆ ಕಚೇರಿಯಲ್ಲಿ ಕುರ್ಚಿ ಹಾಕಿ ಕೂತ ಮೊದಲ ಹೆಂಗಸು ನಾನೇ. ನನ್ನ ಮನೆ ಮೂಡುಬಿದಿರೆ ಹತ್ತಿರದ ತೋಡಾರಿನಲ್ಲಿ. ವಾರವಿಡೀ ಬೆಳ್ತಂಗಡಿಯ ಚಿಕ್ಕಮ್ಮನ ಮನೆಯಲ್ಲಿದ್ದು ಶನಿವಾರ ಊರಿಗೆ ಹೋಗಿ, ಸೋಮವಾರ ಮೊದಲ ಬಸ್ಸಿಗೆ ಬರುತ್ತಿದ್ದೆ. ಹಾಗಾಗಿ ಕೆಲವು ಶನಿವಾರ ಸಂಜೀವಣ್ಣನಿಗೂ ನನಗೂ ಒಂದೇ ಬಸ್ಸು. ಅವರು ಹಿಂದಿನ ಸೀಟಿನಲ್ಲಿ ಕ್ಯಾನ್ವಾಸ್ ಚೀಲವೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಕಂಡಕ್ಟರ್ ಅದನ್ನು ಮೇಲಿಡಲು ಕೈ ಹಾಕಿದರೆ, "ಅದು ಇಲ್ಲೇ ಇರ್ಲಿ" ಎನ್ನುವ ದನಿ ಗಡುಸಾಗಿರುತ್ತಿತ್ತು. ಮೂಡುಬಿದಿರೆಯಲ್ಲಿ ಇಳಿದು ಅಬ್ಬಾಸ್ ಬ್ಯಾರಿಯ ಗುಂಡಿ-ನೂಲಿನ ಅಂಗಡಿಯತ್ತ ಹೋಗಿ, ಎದುರಿನಿಂದ ಅಲ್ಲ, ಪಕ್ಕದ ಓಣಿಯಿಂದ ಹಿಂಬಾಗಿಲಿಗೆ ತಿರುಗುವುದನ್ನು ನಾನೇ ಕಂಡಿದ್ದೆ. ಭಟ್ಟರು ಹೇಳಿದ್ದು ಸುಳ್ಳಲ್ಲ ಅಂತ ನನಗೂ ಅನಿಸಿತ್ತು. ಆದರೂ ಸಂಜೀವಣ್ಣನ ಕಣ್ಣಿನಲ್ಲಿ ಕೆಟ್ಟದ್ದೇನೂ ಕಾಣಿಸುತ್ತಿರಲಿಲ್ಲ. ಅದೇ ಇನ್ನೂ ಹೆಚ್ಚು ಅನುಮಾನ ಹುಟ್ಟಿಸುತ್ತಿತ್ತು.

ಸೋಮವಾರದ ಬಸ್ಸಿನಲ್ಲಿ ಚಳಿ ತಡೆಯದೆ ನಾನು ಹೊದ್ದು ಬರುತ್ತಿದ್ದದ್ದು ಅಪ್ಪನ ಹಳೆಯ ಶಾಲು. ಟೈಪ್ ಮಾಡುವಾಗ ಅದರ ತುದಿ ಯಂತ್ರಕ್ಕೆ ಸಿಕ್ಕಿ ಒಂದು ದಿನ ಸರ್ಕ್ಯುಲರ್ ಹರಿದೇ ಹೋಯಿತು. ಸಾಹೇಬರು ಬೈದು ಹೋದ ಮೇಲೆ ಸಂಜೀವಣ್ಣ ಹತ್ತಿರ ಬಂದರು.

"ಟೈಪಿಸ್ಟಮ್ಮ, ಶಾಲು ಮನೆಗೆ, ಮುದುಕರಿಗೆ. ಕೆಲಸಕ್ಕೆ ಸ್ವೆಟರ್ ಹಾಕಿ. ಎದುರು ಗುಂಡಿಯದ್ದು, ಸೊಂಟಕ್ಕೆ ನಿಲ್ಬೇಕು. ಸೆರಗು ಒಳಗೆ ಹಾಕಿ ಮೇಲಿನ ಎರಡು ಗುಂಡಿ ಬಿಡಿ. ಬಣ್ಣ ಸೀರೆಯ ಒಡಲಿನದ್ದು ಬೇಡ, ಅಂಚಿನದ್ದು ಹಿಡೀರಿ. ಆಗ ನಾಲ್ಕು ಸೀರೆಗೆ ಒಂದೇ ಸಾಕಾಗ್ತದೆ."

"ಹೆಣೆದು ಕೊಡುವವರು ಯಾರು ಸಂಜೀವಣ್ಣ?"

"ನೂಲು ತಂದು ಕೊಡಿ. ಹೆಣೆಸುವ."

"ಯಾರ ಹತ್ರ?"

"ಅದೆಲ್ಲ ಕೇಳ್ಬೇಡಿ" ಎಂದು ಅವರು ತಮ್ಮ ಮೇಜಿಗೆ ಹೋದರು.

ನನ್ನ ಸೀರೆಗಳ ಅಂಚು ಹೆಚ್ಚಾಗಿ ನೀಲಿ. ಅಬ್ಬಾಸ್ ಬ್ಯಾರಿಯ ಅಂಗಡಿಯಿಂದಲೇ ಮಾಸಲು ನೀಲಿಯ ಉಣ್ಣೆ ನೂಲು ಕೊಂಡು ತಂದುಕೊಟ್ಟೆ. ತಿಂಗಳು ಕಳೆಯುವುದರೊಳಗೆ ಸ್ವೆಟರು ಬಂತು. ಅಳತೆ ಕೊಟ್ಟವಳಲ್ಲ, ಆದರೆ ಹೆಗಲಿನಲ್ಲಿ ಒಂದು ನೂಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಗುಂಡಿಸಾಲಿನ ಎರಡೂ ಬದಿಗೆ ಸಣ್ಣ ಜಡೆಯಂಥ ಹೆಣಿಗೆ ಮೇಲಿನಿಂದ ಕೆಳಕ್ಕೆ ಇಳಿದಿತ್ತು. ಹಾಕಿಕೊಂಡು ಕಚೇರಿಗೆ ಬಂದ ದಿನ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಅರ್ಜಿ ಹಿಡಿದು ಬಂದವರು ಅಂದಿನಿಂದ ನನ್ನನ್ನು 'ಹೇ ಕೂಸೇ' ಎನ್ನುವುದನ್ನು ಬಿಟ್ಟು 'ಅಮ್ಮ' ಎನ್ನತೊಡಗಿದರು.

ಆ ಜಡೆಯೇ ನನ್ನ ಕುತ್ತಿಗೆಗೆ ಬಂತು. ಗ್ರಾಮಸೇವಿಕೆ ಕಮಲಾಕ್ಷಿ ಹೆಣಿಗೆ ಬಲ್ಲವಳು. ಒಂದು ದಿನ ನನ್ನ ಸ್ವೆಟರಿನ ಅಂಚು ಹಿಡಿದು ನೋಡಿದಳು; ಸಂಜೀವಣ್ಣನ ಕುರ್ಚಿಯ ಬೆನ್ನಿಗಿದ್ದ ಸ್ವೆಟರಿನ ಅದೇ ಜಡೆಯ ಕಡೆ ನೋಡಿದಳು. "ಎರಡೂ ಒಂದೇ ಕೈ" ಎಂದಳು. ಅಷ್ಟೇ ಹೇಳಿದ್ದು. ಆದರೆ ಭಟ್ಟರಿಗೆ ಅಷ್ಟು ಸಾಕಾಯಿತು. ಮೂಡುಬಿದಿರೆಯ ಬಸ್ಸು ಒಂದೇ, ಅಂಗಡಿ ಒಂದೇ, ಹೆಣಿಗೆ ಒಂದೇ. ಅಂದರೆ ಹೆಣೆಯುವವಳು ಈ ಟೈಪಿಸ್ಟೇ! ಅವಳು ಬರುವ ಮೊದಲೂ ಸ್ವೆಟರು ಬರುತ್ತಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಮೊದಲಿನಿಂದಲೂ ಗುರುತು ಇದ್ದಿರಬೇಕು ಎನ್ನುತ್ತಿದ್ದರೋ ಏನೋ.

ಆಗ ನನಗೆ ಬಂಟ್ವಾಳದಿಂದ ಒಂದು ಸಂಬಂಧ ಬಂದಿತ್ತು. ಮಾತು ಅಲ್ಲಿಗೂ ಮುಟ್ಟಿತು. ಒಂದು ಭಾನುವಾರ ಅಪ್ಪ ಜಗಲಿಯಲ್ಲಿ ಕೂತು ನನ್ನ ಮುಖ ನೋಡದೆ ಹೇಳಿದರು:

"ನಾಳೆ ಹುಡುಗನ ಸೋದರಮಾವ ನಿನ್ನ ಆಫೀಸಿಗೆ ಬರ್ತಾರಂತೆ. ವಿಚಾರಿಸ್ಲಿಕ್ಕೆ. ಅವರು ಬೇಡ ಅಂದ್ರೆ ನಿನ್ನ ಕೆಲಸವೂ ಬೇಡ. ಮನೆಯಲ್ಲಿರು."

"ನಾನು ಏನೂ ಮಾಡಿಲ್ಲ ಅಪ್ಪ."

"ಹಾಗಾದ್ರೆ ಆ ಮನುಷ್ಯನ ಸ್ವೆಟರ್ ಯಾರು ಮಾಡುದು, ಹೇಳು."

ಮರುದಿನ ಬೆಳಿಗ್ಗೆ ಬಸ್ಸಿಳಿದವಳೇ ನೆಟ್ಟಗೆ ಸಂಜೀವಣ್ಣನ ಮೇಜಿನ ಎದುರು ಹೋಗಿ ನಿಂತೆ. ಎಲ್ಲ ಹೇಳಿದೆ. "ಆ ಹೆಂಗಸಿನ ಹೆಸರು ಹೇಳಿ ಸಂಜೀವಣ್ಣ. ಇಲ್ಲದಿದ್ರೆ ನನ್ನ ಹೆಸರು ಹೋಗ್ತದೆ" ಎಂದೆ. ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು.

ಅವರ ಮುಖ ಬಿಳಿಚಿಕೊಂಡಿತು. ಎಡಗೈಯನ್ನು ಬಲಗೈಯಿಂದ ಉಜ್ಜಿಕೊಂಡರು. ಆಮೇಲೆ, "ಎಷ್ಟು ಹೊತ್ತಿಗೆ ಬರ್ತಾರೆ ಅವರು?" ಎಂದು ಕೇಳಿದರು.

"ಮಧ್ಯಾಹ್ನಕ್ಕಂತೆ."

"ಸರಿ" ಎಂದು ಎದ್ದು ಕೋಣೆಗೆ ಹೋಗಿ ಬಂದರು. ಕೈಯಲ್ಲಿ ಆ ಕ್ಯಾನ್ವಾಸ್ ಚೀಲವಿತ್ತು.

ಮಧ್ಯಾಹ್ನ ಹುಡುಗನ ಸೋದರಮಾವ ತ್ಯಾಂಪಣ್ಣ ಶೆಟ್ಟರು ಕೊಡೆ ಮಡಚಿಕೊಂಡು ಕಚೇರಿಯ ಜಗಲಿ ಹತ್ತಿದರು. ಭೂಮಿಕಾಣಿಯಿದ್ದ ಮನೆತನದ ಯಜಮಾನರು. ಮಾತು ಕಡಿಮೆ, ನೋಟ ಹೆಚ್ಚು. ಊಟದ ಹೊತ್ತಾದ್ದರಿಂದ ಜಗಲಿಯ ತುಂಬ ಜನ. ಅವರೆಲ್ಲರ ನಡುವೆ ಸಂಜೀವಣ್ಣ ತಮ್ಮ ಕುರ್ಚಿ ತಂದು ಹಾಕಿ ಕೂತರು. ಚೀಲದ ಬಾಯಿ ಬಿಚ್ಚಿ ಎರಡು ಉದ್ದನೆಯ ಕಡ್ಡಿ, ಅರ್ಧ ಆದ ಒಂದು ತೋಳು, ನೂಲಿನ ಉಂಡೆ ತೆಗೆದರು. ಹೆಣೆಯತೊಡಗಿದರು.

ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ. ಆಮೇಲೆ ಒಬ್ಬ ನಕ್ಕ. ನಗು ಜಗಲಿಯ ಉದ್ದಕ್ಕೂ ಹಬ್ಬಿತು.

"ಎಂತ ಇದು ಮಾರಾಯ್ರೆ, ಹೆಂಗಸರ ಹಾಗೆ!" ಎಂದರು ಭಟ್ಟರು.

"ಕಾಣುದಿಲ್ವಾ? ಸ್ವೆಟರ್." ಸಂಜೀವಣ್ಣ ತಲೆಯೆತ್ತಲಿಲ್ಲ. "ನನ್ನದೆಲ್ಲ ಹೆಣೆದದ್ದು ನಾನೇ. ಪೂನಾದ ಮಿಲಿಟರಿ ಆಸ್ಪತ್ರೆಯಲ್ಲಿ ಕಲಿತದ್ದು. ಕೈಗೆ ಪೆಟ್ಟು ಬಿದ್ದು ಬೆರಳು ಮಡಚ್ಲಿಕ್ಕೆ ಆಗ್ತಿರ್ಲಿಲ್ಲ. ನರ್ಸಮ್ಮ ಕಡ್ಡಿ ಕೊಟ್ಟು ಕೂರಿಸಿದ್ರು. ಬೆರಳು ಬಂತು, ಹೆಣಿಗೆಯೂ ಬಂತು. ಊರಲ್ಲಿ ತಮ್ಮ ನೋಡಿ ಕಡ್ಡಿಯನ್ನು ಬಚ್ಚಲೊಲೆಗೆ ಹಾಕಿದ. ಅಂದಿನಿಂದ ಬಾಗಿಲು ಹಾಕಿ ಹೆಣೀತೇನೆ. ಬ್ಯಾರಿಯ ಹಿಂಬಾಗಿಲಿಂದ ಸ್ವಲ್ಪ ಸ್ವಲ್ಪವೇ ನೂಲು ತರ್ತೇನೆ. ಇಷ್ಟೇ ವಿಷಯ."

ಶೆಟ್ಟರು ನಗಲಿಲ್ಲ. ಹತ್ತಿರ ಬಂದು ನಿಂತು ಆ ಬೆರಳುಗಳನ್ನೇ ನೋಡಿದರು. "ನಿನ್ನೆ ಕಲಿತು ಇವತ್ತು ತೋರಿಸುದೂ ಆಗಬಹುದಲ್ಲ?" ಎಂದರು. "ಆ ಹುಡುಗಿಯದ್ದನ್ನು ನೀವೇ ಮಾಡಿದ್ದು ಅಂತ ಹೇಗೆ ನಂಬುದು?"

ಸಂಜೀವಣ್ಣ ನನ್ನ ಕಡೆ ತಿರುಗಿದರು. "ಟೈಪಿಸ್ಟಮ್ಮ, ನಿಮ್ಮ ಸ್ವೆಟರ್ ಒಮ್ಮೆ ಕೊಡಿ."

ಬಿಸಿಲೇರಿದರೂ ಅಂದು ನಾನು ಅದನ್ನು ತೆಗೆದಿರಲಿಲ್ಲ; ಅಷ್ಟು ಜನರ ಎದುರು ಕಳಚಿ ಕೊಟ್ಟೆ. ಅವರು ಬಲತೋಳಿನ ಮಣಿಕಟ್ಟಿನಲ್ಲಿ ಗಂಟು ಹುಡುಕಿ ಬಿಚ್ಚಿ, ಸರಸರನೆ ನೂಲು ಎಳೆದರು. ನಾಲ್ಕು ಬೆರಳಗಲ ಬಿಚ್ಚಿಹೋಯಿತು. ಆಮೇಲೆ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಎತ್ತಿಕೊಂಡು ಮತ್ತೆ ಹೆಣೆಯತೊಡಗಿದರು. ಶೆಟ್ಟರಿಗೆ ಯಾರೋ ಬೆಂಚು ಕೊಟ್ಟರು. ಅವರು ಕೂತರು, ಊಟಕ್ಕೂ ಏಳಲಿಲ್ಲ. ಜಗಲಿಯ ನಗು ತೆಳುವಾಗುತ್ತಾ ಹೋಗಿ, ಕೊನೆಗೆ ಕಡ್ಡಿಗೆ ಕಡ್ಡಿ ತಾಗುವ ಸದ್ದು ಮಾತ್ರ ಉಳಿಯಿತು. ಸಂಜೀವಣ್ಣನ ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವರು ಕೈ ಬಿಡಲಿಲ್ಲ.

ಮುಗಿದ ಮೇಲೆ ಶೆಟ್ಟರು ಎರಡೂ ತೋಳುಗಳನ್ನು ಪಕ್ಕಪಕ್ಕ ಇಟ್ಟು ಬಿಸಿಲಿಗೆ ಹಿಡಿದರು. ಎಳೆದು ನೋಡಿದರು, ಮಗುಚಿ ನೋಡಿದರು. ಕೊನೆಗೆ ಸ್ವೆಟರನ್ನು ನನ್ನ ಕೈಗೆ ಕೊಟ್ಟು, ಕೊಡೆ ಎತ್ತಿಕೊಂಡು, "ಒಂದೇ ಉಂಟು" ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದರು.

ನನ್ನ ಮದುವೆ ನಿಶ್ಚಯವಾಯಿತು. ಸಂಜೀವಣ್ಣನಿಗೆ ಊರಲ್ಲಿ ಹೊಸ ಹೆಸರು ಬಂತು, 'ಸಂಜೀವಕ್ಕ'. ಬಸ್ ನಿಲ್ದಾಣದಲ್ಲಿ, ಹೋಟೆಲಿನಲ್ಲಿ ಬೆನ್ನ ಹಿಂದೆ ಕೂಗುತ್ತಿದ್ದರು. ಮಾಣಿಯಿಂದ ಅವರ ತಮ್ಮ ಬಂದು, "ಮನೆತನದ ಮಾನ ತೆಗೆದೆ" ಎಂದು ಕಚೇರಿಯ ಅಂಗಳದಲ್ಲೇ ಬೊಬ್ಬೆ ಹಾಕಿ ಹೋದ. ಆದರೆ ಅವರ ಕೋಣೆಯ ಕಿಟಕಿ ಅಂದಿನಿಂದ ತೆರೆದೇ ಇರುತ್ತಿತ್ತು. ನಾನು ಕೆಲಸ ಬಿಡುವ ವಾರ, "ಕಲಿಯುದಾದ್ರೆ ಹೇಳಿಕೊಡ್ತೇನೆ" ಎಂದರು. "ಈಗ ಕಲಿತ್ರೆ ಮತ್ತೆ ಮಾತು ಬರ್ತದೆ ಸಂಜೀವಣ್ಣ" ಎಂದೆ. ಹೌದೆನ್ನುವಂತೆ ತಲೆಯಾಡಿಸಿದರು.

ಬಂಟ್ವಾಳದ ಮನೆಯಲ್ಲಿ ಆ ನೀಲಿ ಸ್ವೆಟರ್ ಪೆಟ್ಟಿಗೆಯಲ್ಲೇ ಉಳಿಯಿತು. ಹಾಕಿಕೊಳ್ಳಬೇಡ ಎಂದು ಯಾರೂ ಹೇಳಲಿಲ್ಲ. ಆದರೆ ಮೊದಮೊದಲು ಹಾಕಿಕೊಂಡ ದಿನಗಳಲ್ಲಿ ಅತ್ತೆ ಮಾತು ನಿಲ್ಲಿಸುತ್ತಿದ್ದರು. ಕೆಲವು ವರ್ಷಗಳ ನಂತರ ಸಂಜೀವಣ್ಣ ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಮ್ಮೆ ನಮ್ಮ ಮನೆಗೆ ಬಂದರು. ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟು ಮಾಣಿಯಲ್ಲಿ ತಮ್ಮನ ಜೊತೆಗಿದ್ದರು. ಚಳಿಗಾಲವೇ, ಆದರೆ ಮೈಮೇಲೆ ಬರಿಯ ಶರ್ಟು. ಕೈ ನಡುಗುತ್ತಿತ್ತು. ಕಾಫಿ ಕುಡಿದು, ಮಗುವಿನ ತಲೆ ಮುಟ್ಟಿ, ಹೆಚ್ಚು ಹೊತ್ತು ಕೂರದೆ ಹೊರಟರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಬಸ್ಸಿನವರೆಗೆ ಬಿಟ್ಟು ಬಂದ ನನ್ನ ಯಜಮಾನರು ಸಂಜೆ ದೀಪ ಹಚ್ಚುವ ಹೊತ್ತಿಗೆ, "ಒಂದು ಕೇಳ್ತೇನೆ, ಬೇಸರ ಮಾಡ್ಬೇಡ. ಅವರಿಗೆ ಆ ಹೆಣಿಗೆ ಕಲಿಸಿದ್ದು ನೀನೇ ಅಲ್ವಾ?" ಎಂದರು.

"ನನಗೆ ಇವತ್ತಿಗೂ ಒಂದು ಸಾಲು ಹೆಣೀಲಿಕ್ಕೆ ಬರುದಿಲ್ಲ" ಎಂದೆ. ಅವರು 'ಹ್ಞೂಂ' ಎಂದರು. ನಂಬಿದ ಹ್ಞೂಂ ಯಾವುದು, ನಂಬದ್ದು ಯಾವುದು ಎಂದು ಅಷ್ಟು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗಿತ್ತು.

ಮುಂದಿನ ಮಳೆಗಾಲದಲ್ಲಿ ಸಂಜೀವಣ್ಣ ತೀರಿಕೊಂಡರು. ಹದಿಮೂರನೆಯ ದಿನದ ಬೊಜ್ಜಕ್ಕೆ ನಾವಿಬ್ಬರೂ ಮಾಣಿಗೆ ಹೋದೆವು. ಚಾವಡಿಯಲ್ಲಿ ಹಾರ ಹಾಕಿದ ಫೋಟೊ: ಮಿಲಿಟರಿ ದಿರಿಸಿನ, ಮೀಸೆ ತಿರುವಿದ ತರುಣ. ಅವರ ತಮ್ಮ ಬಂದವರಿಗೆಲ್ಲ ಅಣ್ಣನ ಯುದ್ಧದ ಕತೆ ಹೇಳುತ್ತಿದ್ದ. ನನ್ನ ಯಜಮಾನರು ಮೆಲ್ಲಗೆ ಕೇಳಿದರು, "ಅವರು ಸ್ವೆಟರ್ ಹೆಣೀತಿದ್ರಂತೆ, ಹೌದಾ?"

ತಮ್ಮನ ಮುಖ ಬಿಗಿಯಿತು. "ಯಾರು ಹೇಳಿದ್ದು ನಿಮಗೆ? ಸುಳ್ಳು. ನನ್ನ ಅಣ್ಣ ಬಂದೂಕು ಹಿಡಿದವ. ಕಡ್ಡಿ ಮುಟ್ಟಿದವನೇ ಅಲ್ಲ."

ಯಜಮಾನರು ನನ್ನತ್ತ ನೋಡಿದರು. ಇಷ್ಟು ವರ್ಷ ಹುಡುಕಿದ್ದು ಸಿಕ್ಕಿತು ಎಂಬಂಥ ನೋಟ.

ಹೆಂಗಸರು ಕೂತಿದ್ದ ಕಡೆಯಿಂದ ನಾನು ಎದ್ದು ನಿಂತೆ. "ಹೆಣೀತಿದ್ರು" ಎಂದೆ. ದನಿ ಇಷ್ಟು ದೊಡ್ಡದಾಗುತ್ತದೆ ಎಂದು ನನಗೇ ತಿಳಿದಿರಲಿಲ್ಲ. "ಬೆಳ್ತಂಗಡಿ ಆಫೀಸಿನ ಜಗಲಿಯಲ್ಲಿ, ಹಾಡುಹಗಲಿಗೆ, ಎಲ್ಲ ನಗುವಾಗ ಕೂತು ಹೆಣೆದ್ರು. ನನಗೋಸ್ಕರ."

ಎಲೆ ಹಾಕುತ್ತಿದ್ದವರ ಕೈ ನಿಂತಿತು. ತಮ್ಮ ಒಳಗೆ ಹೋದ. ನಾವು ಊಟ ಮಾಡಿ ಕೈ ತೊಳೆದು ಹೊರಟೆವು.

ಬಸ್ಸು ಮಾಣಿ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಯಜಮಾನರು, "ಅಷ್ಟು ಜನರ ಎದುರು ಹಾಗೆ ಹೇಳ್ಬೇಕಿತ್ತಾ?" ಎಂದರು.

"ಅವರೂ ಜನರ ಎದುರೇ ಕೂತದ್ದು" ಎಂದೆ.

ಬಂಟ್ವಾಳ ಬರುವವರೆಗೆ ಅವರು ಕಿಟಕಿಯ ಹೊರಗೆ ಮಳೆ ನೋಡುತ್ತಾ ಕೂತಿದ್ದರು. ಇಳಿಯುವಾಗ ಕೊಡೆ ಬಿಚ್ಚಿ ಮೊದಲು ನನ್ನ ತಲೆಯ ಮೇಲೆ ಹಿಡಿದರು.