ಫೆರ್ಮಿನಮ್ಮನ ಪಕ್ಕದ ಕುರ್ಚಿ

ದೆಲಿಸಿಯಾಸ್ ಬಡಾವಣೆಯಿಂದ ಸ್ಪೇನಿನ ಸರಗೋಸಾ ನಗರದ ನಡುಮಧ್ಯಕ್ಕೆ ಬಸ್ಸಿಗೆ ಕಾಯುವಷ್ಟರಲ್ಲಿ ನಡೆದೇ ಹೋಗಬಹುದು. ಆದರೂ ಬಾಡಿಗೆ ಬಡವರ ಕೈಗೆ ಎಟುಕುವಂಥದ್ದು. ಕಸಿಲ್ದಾ ಮದುವೆಯಾಗಿ ಅಲ್ಲಿಗೇ ಬಂದಳು, ಗಂಡನನ್ನು ಅಲ್ಲೇ ಕಳೆದುಕೊಂಡಳು, ಬಟ್ಟೆ ಹೊಲಿದು ಮಗಳನ್ನು ಓದಿಸಿದ್ದೂ ಅಲ್ಲೇ.

ಬೇಸಿಗೆಯ ಸಂಜೆ ಆ ಬೀದಿಯಲ್ಲಿ ಯಾರೂ ಒಳಗಿರುವುದಿಲ್ಲ. ಹಗಲಿಡೀ ಕಾದ ಗೋಡೆಗಳು ಬಿಸಿ ಕಾರತೊಡಗಿದಾಗ ಎಲ್ಲರೂ ಕುರ್ಚಿ ಹೊತ್ತು ಬಾಗಿಲ ಮುಂದೆ ಬಂದು ಕೂರುತ್ತಾರೆ. ಮಾಸಿದ ನೈಟಿ, ಸವೆದ ಚಪ್ಪಲಿ, ಕೈಯಲ್ಲಿ ಬೀಸಣಿಗೆ, ಮಡಿಲಲ್ಲಿ ಸೂರ್ಯಕಾಂತಿ ಬೀಜ; ಇನ್ನು ಬಾಯಿಗೆ ಬೀಗವೆಲ್ಲಿ? ಕುರ್ಚಿಗಳ ಸಾಲು ಶುರುವಾಗುವುದು ನೆಲಮಹಡಿಯ ಫೆರ್ಮಿನಮ್ಮನ ಕಿಟಕಿಯ ಕೆಳಗೆ. ಆಕೆಗೆ ಉಬ್ಬಸ, ಮನೆಯೋ ಕಾದ ಒಲೆ. ಸಂಜೆಯ ಆ ಗಾಳಿಯಿಂದಲೇ ಆಕೆ ಜೀವ ಹಿಡಿದುಕೊಂಡಿದ್ದಳು. ಆಕೆಯ ಪಕ್ಕದ ಜಾಗ ಯಾವತ್ತೂ ಮೇಲಿನ ಮಹಡಿಯ ಕಸಿಲ್ದಾಳದು. ಕಸಿಲ್ದಾಳ ಬಾಣಂತನ ಮಾಡಿದವಳೂ ಆಕೆಯೇ.

ಮಗಳಿಗೆ ನದಿಯಾಚೆಯ ವಕೀಲರ ಮನೆಯ ಹುಡುಗ ಗೊತ್ತಾದ. ಬೀಗರು ಊಟಕ್ಕೆ ಬರುತ್ತಾರೆಂದಾಗ ಕಸಿಲ್ದಾಳಿಗೆ ಮೊದಲು ನೆನಪಾದದ್ದು ಅಡುಗೆಯಲ್ಲ, ಆ ಕುರ್ಚಿಗಳು.

"ಫೆರ್ಮಿನಮ್ಮಾ, ನಾಳೆ ಒಂದ್ ಸಂಜೆ... ಯಾರೂ ಹೊರಗೆ ಕೂರದಿದ್ರೆ ಆಗಲ್ವಾ? ಬೀಗರು ಬರ್ತಾರೆ."

ಮುದುಕಿ ಬೀಜದ ಸಿಪ್ಪೆ ಉಗಿದಳು. "ಅದಕ್ಯಾಕೇ ಇಷ್ಟು ಒದ್ದಾಡ್ತೀಯಾ? ಈ ನೈಟಿ ನೋಡಿದ್ರೆ ಗಂಡಿನ ಕಡೆಯೋರು ಓಡೇ ಹೋದಾರು! ಎಲ್ಲರಿಗೂ ನಾನೇ ಹೇಳ್ತೀನಿ ಬಿಡು."

"ನಿಮ್ಮ ಉಬ್ಬಸ..."

"ಒಂದಿನಕ್ಕೆ ಸತ್ತುಹೋಗಲ್ಲ ಕಣೇ."

ಮರುಸಂಜೆ ಬೀದಿ ಗುಡಿಸಿಟ್ಟಂತಿತ್ತು. ಕಿಟಕಿಗಳ ಪರದೆಗಳೆಲ್ಲ ಕೆಳಗೆ. ಕಸಿಲ್ದಾ ಒಳ್ಳೆಯ ಕುಚ್ಚಿನ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಕಾರಿನಿಂದಿಳಿದ ಬೀಗಿತ್ತಿ ಲಿಯೊನೋರ್ ಆ ಕಡೆ ಈ ಕಡೆ ನೋಡಿದಳು.

"ಇದೇನ್ರೀ, ಬೀದಿ ಬಿಕೋ ಅಂತಿದೆ? ನಮ್ಮಮ್ಮನ ತವರು ಇಲ್ಲೇ ಹಿಂದಿನ ಬೀದಿ. ಇಷ್ಟೊತ್ತಿಗೆ ಎಲ್ಲ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರು. ಅವ್ರ ಜೊತೆ ನಾನೂ ಸ್ವಲ್ಪ ಹೊತ್ತು ಕೂರೋಣ ಅಂತ ಆಸೆಯಿಂದ ಬಂದೆ."

ಕಸಿಲ್ದಾಳ ಮುಖ ಕಿವಿಯವರೆಗೂ ಬಿಸಿಯಾಯಿತು. ಆಗಲೇ ನಿಜ ಹೇಳಿ ಫೆರ್ಮಿನಮ್ಮನ ಕಿಟಕಿ ತಟ್ಟಿದ್ದರೆ ಎಲ್ಲರೂ ನಗುತ್ತಿದ್ದರು, ಮುಗಿಯುತ್ತಿತ್ತು. ಆದರೆ ಅವಳು, "ಈಗೆಲ್ಲ ಯಾರು ಕೂರ್ತಾರೆ?" ಎಂದುಬಿಟ್ಟಳು.

ಲಿಯೊನೋರ್ ನೆಲಮಹಡಿಯ ಕಿಟಕಿಯ ಹೂಕುಂಡ ಮುಟ್ಟಿದಳು. "ಮಣ್ಣು ಒದ್ದೆಯಿದೆ. ಈ ಮನೇಲಿ ಯಾರಿದಾರೆ?"

ಪರದೆಯ ಹಿಂದೆ ಬೀಸಣಿಗೆ ಟಪಟಪ ಎನ್ನುತ್ತಿತ್ತು. ಅದು ಯಾರ ಕೈಯ ಸದ್ದೆಂದು ಕಸಿಲ್ದಾಳಿಗೆ ಗೊತ್ತಿತ್ತು.

"ಯಾರೂ ಇಲ್ಲ. ಖಾಲಿ ಮನೆ."

ಬೀಸಣಿಗೆಯ ಸದ್ದು ನಿಂತಿತು.

ವೈನಿನಲ್ಲಿ ನೆನೆಸಿದ ಪೀಚ್ ಹಣ್ಣನ್ನು ಬೀಗರು ಬಾಯ್ತುಂಬ ಹೊಗಳಿದರು. ಕಸಿಲ್ದಾ ತನ್ನ ಪಾಲಿನ ಹೋಳುಗಳನ್ನೂ ಅವರ ತಟ್ಟೆಗೇ ಬಡಿಸಿದಳು.

ಮಾರನೆಯ ಸಂಜೆ ಕೆಳಗಿಳಿಯದಿರಲು ಅವಳು ನೆಪ ಹುಡುಕಿದಳು. ಕೊನೆಗೆ ಕುರ್ಚಿ ಹೊತ್ತು ಇಳಿದಾಗ ಎಲ್ಲರೂ ಅಲ್ಲಿದ್ದರು. ಫೆರ್ಮಿನಮ್ಮನ ಕಣ್ಣು ಗುಳಿಬಿದ್ದಿತ್ತು, ಎದೆ ಕುಯ್ ಕುಯ್ ಎನ್ನುತ್ತಿತ್ತು.

"ಏನೇ, ಖಾಲಿ ಮನೆ ಮುಂದೆ ಕೂರಕ್ಕೆ ಬಂದ್ಯಾ?"

ಎಲ್ಲರೂ ಗೊಳ್ಳೆಂದರು. ಕಸಿಲ್ದಾ ಕುರ್ಚಿ ಹಿಡಿದು ನಿಂತೇ ಇದ್ದಳು. "ತಪ್ಪಾಯ್ತು ಫೆರ್ಮಿನಮ್ಮಾ," ಎಂದಳು.

ಮುದುಕಿ ತನ್ನ ಕುರ್ಚಿ ಸರಿಸಿ ಎಂದಿನ ಜಾಗ ಬಿಟ್ಟಳು. ಗಾಳಿ ಇಬ್ಬರಿಗೂ ತಗಲುವಂತೆ ಬೀಸಣಿಗೆ ಓರೆ ಹಿಡಿದಳು. ಬೈದಿದ್ದರೆ ಕಸಿಲ್ದಾ ತಡೆದುಕೊಳ್ಳುತ್ತಿದ್ದಳು. ಆ ಗಾಳಿಗೆ ಅವಳು ಕುಗ್ಗಿ ಹಿಡಿಯಾದಳು.

ಮಾತು ಬೇರೆಡೆ ಹರಿದ ಮೇಲೆ ಫೆರ್ಮಿನಮ್ಮ ಬಾಗಿ, ಮಿಕ್ಕವರಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದಳು:

"ಮದುವೆ ದಿನ ನಿನ್ನ ಬೀಗಿತ್ತಿ ನನ್ನನ್ನ ಯಾವ ಮನೆಯೋರು ಅಂತ ಕೇಳಿದ್ರೆ, ಏನಂತ ಹೇಳ್ಲೇ ಮಗಳೇ?"